ಕಿವುಡುತನ, ಧ್ವನಿ ಮತ್ತು ಮಾತಿನ ಸ್ಪಷ್ಟತೆ: ಕಾಸರಗೋಡಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಕನ್ನಡ ಮನೆಗಳಲ್ಲಿ ಕಿವಿ ಕೇಳದ ಮಗುವಿನ ಬಗ್ಗೆ, ಕಿವಿ ಮಂದವಾದ ಹಿರಿಯರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿ ಉತ್ತರಿಸಲಾಗಿದೆ. ಇದು ವೈದ್ಯರ ಅಥವಾ ವಾಕ್‌ಚಿಕಿತ್ಸಕರ ಸಲಹೆಗೆ ಬದಲಿಯಲ್ಲ. ಅವರ ಬಳಿಗೆ ಹೋಗುವಾಗ ಏನನ್ನು ಕೇಳಬೇಕೆಂದು ತಿಳಿದಿರಲಿ ಎಂಬುದಷ್ಟೇ ಉದ್ದೇಶ.

ಕಿವಿ ಕೇಳಿಸದಿದ್ದರೆ ಮಾತು ಏಕೆ ಅಸ್ಪಷ್ಟವಾಗುತ್ತದೆ? ಗಂಟಲಿನಲ್ಲಿಯೂ ದೋಷ ಇರುತ್ತದೆಯೇ?

ಹೆಚ್ಚಿನವರಲ್ಲಿ ಇರುವುದಿಲ್ಲ. ಧ್ವನಿಪೆಟ್ಟಿಗೆ, ನಾಲಿಗೆ, ತುಟಿ, ಅಂಗುಳು ಎಲ್ಲವೂ ಇತರರಲ್ಲಿ ಇರುವಂತೆಯೇ ಇರುತ್ತವೆ. ಆದರೆ ಮಾತನಾಡುವಾಗ ನಾವು ಪ್ರತಿ ಕ್ಷಣವೂ ನಮ್ಮದೇ ದನಿಯನ್ನು ಕೇಳಿಸಿಕೊಳ್ಳುತ್ತ, ಅದು ಜೋರಾಯಿತೇ, ಮೆಲ್ಲಗಾಯಿತೇ, ಹೇಳಬೇಕೆಂದಿದ್ದ ಅಕ್ಷರವೇ ಬಂತೇ ಎಂದು ನಮಗೇ ತಿಳಿಯದಂತೆ ಪರಿಶೀಲಿಸಿ ತಿದ್ದಿಕೊಳ್ಳುತ್ತಿರುತ್ತೇವೆ. ಬಯಲಾಟದ ರಂಗಸ್ಥಳದ ಪಕ್ಕದಲ್ಲಿ ನಿಂತು ಮಾತನಾಡುವಾಗ ಚೆಂಡೆಯ ಪೆಟ್ಟು ಏರುತ್ತಿದ್ದಂತೆ ನಮ್ಮ ದನಿಯೂ ಏರುತ್ತದೆ, ಪೆಟ್ಟು ನಿಂತ ಕೂಡಲೇ ನಾವೊಬ್ಬರೇ ಕಿರುಚುತ್ತಿದ್ದೇವೆ ಎಂದು ಅರಿವಾಗಿ ನಾಚಿಕೆಯಾಗುತ್ತದೆ. 1911ರಲ್ಲಿ ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಇದನ್ನು ವಿವರಿಸಿದ್ದರಿಂದ ಇದಕ್ಕೆ ಲೊಂಬಾರ್ಡ್ ಪರಿಣಾಮ ಎಂಬ ಹೆಸರು ಬಂದಿದೆ. ಕಿವಿ ದನಿಯ ಮೇಲೆ ಎಷ್ಟು ಬಿಗಿಯಾದ ಹತೋಟಿ ಇಟ್ಟುಕೊಂಡಿದೆ ಎಂಬುದಕ್ಕೆ ಇದಕ್ಕಿಂತ ಸುಲಭದ ಸಾಕ್ಷಿ ಬೇಡ. ಆ ಹತೋಟಿ ಹುಟ್ಟಿನಿಂದಲೇ ಇಲ್ಲದವರು ಮಾತನ್ನು ಕಣ್ಣು, ಸ್ಪರ್ಶ ಮತ್ತು ಸ್ನಾಯುಗಳ ಅನುಭವದಿಂದ ಮಾತ್ರ ಕಲಿಯಬೇಕಾಗುತ್ತದೆ.

ಆದುದರಿಂದ ಮಾತಿನ ಅಸ್ಪಷ್ಟತೆಗೂ ಬುದ್ಧಿಗೂ ಸಂಬಂಧ ಕಲ್ಪಿಸುವುದು ತಪ್ಪು. ಈ ತಪ್ಪು ನಮ್ಮಲ್ಲಿ ವಿದ್ಯಾವಂತರಿಂದಲೂ ಆಗುತ್ತಿದೆ.

ನಮ್ಮ ಮಗು ಮೊದಲ ತಿಂಗಳುಗಳಲ್ಲಿ ಎಲ್ಲ ಮಕ್ಕಳಂತೆಯೇ ದನಿ ಮಾಡುತ್ತಿತ್ತು. ಹಾಗಾದರೆ ಕಿವಿ ಸರಿಯಿದೆ ಎಂದಲ್ಲವೇ?

ಅಲ್ಲ. ಅಳು, ನಗು, ಕೂ ಕೂ ಎಂಬ ಮೊದಲ ದನಿಗಳು ಕಿವಿ ಕೇಳದ ಮಗುವಿನಲ್ಲಿಯೂ ಬರುತ್ತವೆ. ವ್ಯತ್ಯಾಸ ಕಾಣುವುದು ಅನಂತರ. ಕೇಳುವ ಮಕ್ಕಳು ಆರರಿಂದ ಹತ್ತು ತಿಂಗಳೊಳಗೆ ‘ಬಾಬಾಬಾ’, ‘ದಾದಾದಾ’ ಎಂದು ವ್ಯಂಜನ ಮತ್ತು ಸ್ವರಗಳನ್ನು ಜೋಡಿಸಿ ಪುನರಾವರ್ತಿಸತೊಡಗುತ್ತಾರೆ. ತೀವ್ರ ಕಿವುಡುತನವಿರುವ ಮಗುವಿನಲ್ಲಿ ಈ ತೊದಲು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಇದ್ದ ದನಿಗಳೂ ಕಡಿಮೆಯಾಗುತ್ತ ಹೋಗಬಹುದು. ಪಾತ್ರೆ ಬಿದ್ದ ಸದ್ದಿಗೆ ಮಗು ತಿರುಗಿ ನೋಡಿತು ಎಂಬುದನ್ನು ನಂಬಿ ಕೂರಬೇಡಿ. ದೊಡ್ಡ ಸದ್ದು ಕೇಳಿದರೂ ಮಾತಿನ ಸೂಕ್ಷ್ಮ ದನಿಗಳು ಕೇಳದೆ ಇರಬಹುದು; ಬಾಗಿಲು ಬಡಿದಾಗ ನೆಲದ ಕಂಪನದಿಂದ, ನೆರಳಿನ ಚಲನೆಯಿಂದಲೂ ಮಗು ತಿರುಗುತ್ತದೆ.

ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ ಎಂಬುದು ಈಗ ಎಲ್ಲೆಡೆ ಅನುಸರಿಸುವ ಗುರಿ. ನವಜಾತ ಶಿಶುವಿಗೆ ಮಾಡುವ ಒ.ಎ.ಇ. (ಒಳಗಿವಿಯ ಪ್ರತಿಧ್ವನಿಯನ್ನು ಅಳೆಯುವುದು) ಮತ್ತು ಬೆರಾ (ಸದ್ದಿಗೆ ಶ್ರವಣನರ, ಮಿದುಳುಕಾಂಡ ಸ್ಪಂದಿಸುವುದನ್ನು ಅಳೆಯುವುದು) ಪರೀಕ್ಷೆಗಳಲ್ಲಿ ನೋವಿಲ್ಲ, ಚುಚ್ಚುವುದೂ ಇಲ್ಲ. ಮಗು ನಿದ್ದೆ ಮಾಡುತ್ತಿರುವಾಗಲೇ ಮುಗಿಯುತ್ತವೆ.

ಅಜ್ಜಿ ಬಜೆ ತೇದು ನಾಲಿಗೆಗೆ ಹಚ್ಚುತ್ತಾರೆ. ನಮ್ಮ ಮನೆತನದಲ್ಲಿ ಮಾತು ತಡವಾಗಿಯೇ ಬರುವುದು ಎಂದೂ ಹೇಳುತ್ತಾರೆ. ಕಾಯಬಹುದೇ?

ಬಜೆಯಿಂದಾಗಲಿ, ಹರಕೆಯಿಂದಾಗಲಿ ಕಿವಿಯ ಒಳಗಿನ ನರಕೋಶಗಳು ಸರಿಯಾಗುವುದಿಲ್ಲ. ಹಿರಿಯರ ಮನಸ್ಸು ನೋಯಿಸುವ ಅಗತ್ಯವೂ ಇಲ್ಲ. ಹರಕೆ ಹೊತ್ತುಕೊಳ್ಳಲಿ, ಆದರೆ ಅದೇ ವಾರ ಕಿವಿಯ ಪರೀಕ್ಷೆಯೂ ಆಗಲಿ. ‘ನಾಲಿಗೆ ಅಂಟಿದೆ’ ಎಂದು ನಾಲಿಗೆಯ ಕೆಳಗಿನ ಪೊರೆಯನ್ನು ಕತ್ತರಿಸಿಕೊಂಡು ಬರುವವರೂ ಇದ್ದಾರೆ. ಆ ಪೊರೆ ಬಿಗಿಯಾಗಿದ್ದರೆ ಕೆಲವು ಅಕ್ಷರಗಳಿಗೆ ತೊಡಕಾಗಬಹುದೇ ಹೊರತು ಮಾತೇ ಬಾರದೆ ಹೋಗುವುದಕ್ಕೆ ಅದು ಕಾರಣವಲ್ಲ. ಮಾತು ಬಾರದ ಮಗುವಿನಲ್ಲಿ ಮೊದಲು ನೋಡಬೇಕಾದದ್ದು ಕಿವಿಯನ್ನು.

ಯಾವ ಅಕ್ಷರಗಳು ಹೆಚ್ಚಾಗಿ ಕೆಡುತ್ತವೆ?

ಇದು ಎಷ್ಟು ಕೇಳುತ್ತದೆ ಎಂಬುದಕ್ಕಿಂತಲೂ ಯಾವ ಕಂಪನಾಂಕಗಳಲ್ಲಿ, ಅಂದರೆ ಎಷ್ಟು ಏರಿದ ಅಥವಾ ತಗ್ಗಿದ ದನಿಗಳಲ್ಲಿ, ಕೇಳುತ್ತದೆ ಎಂಬುದನ್ನು ಹೊಂದಿಕೊಂಡಿದೆ. ‘ಸ’ಕಾರದ ಶಕ್ತಿ ಬಹುಪಾಲು 4000 ಹರ್ಟ್ಸ್‌ಗಿಂತ ಮೇಲಿದೆ, ‘ಶ’ಕಾರದ್ದು ಅದಕ್ಕಿಂತ ಕೆಳಗೆ ಆರಂಭವಾಗುತ್ತದೆ. ಮೇಲಿನ ಕಂಪನಾಂಕಗಳಲ್ಲಿ ಕೇಳುವಿಕೆ ಕಡಿಮೆಯಾದವರಿಗೆ ಮೊದಲು ಕೈತಪ್ಪುವುದು ‘ಸ’, ಆಮೇಲೆ ‘ಶ’, ‘ಚ’, ‘ಫ’. ಕೇಳದ ಅಕ್ಷರವನ್ನು ಮಗು ಬಿಟ್ಟುಬಿಡುತ್ತದೆ ಅಥವಾ ತಾನು ಕೇಳಬಲ್ಲ ಇನ್ನೊಂದನ್ನು ಅಲ್ಲಿಡುತ್ತದೆ. ‘ಸೂಜಿ’ ಎಂಬುದು ‘ತೂಜಿ’ ಆಗುವುದು, ‘ಊಜಿ’ ಆಗುವುದು ಹೀಗೆ.

ಸ್ವರಗಳಲ್ಲಿಯೂ ಇಂತಹ ತೊಡಕುಗಳಿವೆ. ‘ಈ’ ಮತ್ತು ‘ಊ’ ಎರಡರಲ್ಲೂ ಕೆಳಗಿನ ಅನುರಣನ, ಅಂದರೆ ಬಾಯಿಯೊಳಗೆ ದನಿ ಮೊಳಗುವ ಕಂಪನಾಂಕ, ಹೆಚ್ಚುಕಡಿಮೆ ಒಂದೇ. ಅವನ್ನು ಬೇರ್ಪಡಿಸುವುದು ಎರಡನೆಯ ಅನುರಣನ, ಅದು ‘ಈ’ಯಲ್ಲಿ 2000 ಹರ್ಟ್ಸ್‌ಗಿಂತ ಮೇಲಿರುತ್ತದೆ. ಕೆಳಗಿನ ಕಂಪನಾಂಕಗಳಷ್ಟೇ ಕೇಳುವ ಮಗುವಿಗೆ ಇವೆರಡೂ ಕಿವಿಯಲ್ಲಿ ಒಂದೇ ರೀತಿ ಕೇಳಿಸುತ್ತವೆ, ತುಟಿಯನ್ನು ನೋಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ತೀವ್ರ ಕಿವುಡುತನವಿರುವವರ ಸ್ವರಗಳು ಒಂದರ ಕಡೆಗೆ ಒಂದು ಸರಿದು, ಎಲ್ಲವೂ ನಡುಬಾಯಿಯ ಒಂದೇ ತೆರನ ಸ್ವರದಂತೆ ಕೇಳುವುದಕ್ಕೆ ಇದು ಕಾರಣ.

ಕನ್ನಡಕ್ಕೇ ವಿಶೇಷವಾಗಿ ಮುಖ್ಯವಾದ ಮೂರು ಸಂಗತಿಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಹ್ರಸ್ವ ಮತ್ತು ದೀರ್ಘ: ಸ್ವರಗಳನ್ನು ಎಳೆದು ಮಾತನಾಡುವ ಅಭ್ಯಾಸ ಕಿವುಡರಲ್ಲಿ ಸಾಮಾನ್ಯ, ಹಾಗೆ ಎಳೆದಾಗ ‘ಬಳೆ’ ‘ಬಾಳೆ’ಯಾಗಿಬಿಡುತ್ತದೆ. ಎರಡನೆಯದು ‘ಲ–ಳ’, ‘ನ–ಣ’, ‘ತ–ಟ’ಗಳಂತಹ ಜೋಡಿಗಳು: ನಾಲಿಗೆ ಒಳಗಡೆ ಮಡಿಚಿಕೊಳ್ಳುವುದು ಹೊರಗಿನಿಂದ ಕಾಣಿಸುವುದಿಲ್ಲ, ಆದುದರಿಂದ ನೋಡಿ ಕಲಿಯುವಂತಿಲ್ಲ. ಮೂರನೆಯದು ವಿಭಕ್ತಿ ಪ್ರತ್ಯಯಗಳು: ‘ಗೆ’, ‘ಇಂದ’, ‘ಅಲ್ಲಿ’ ಎಂಬಿವು ಪದದ ಕೊನೆಯಲ್ಲಿ ಒತ್ತಿಲ್ಲದೆ ಮೆಲ್ಲಗೆ ಬರುವುದರಿಂದ ಕಿವಿಗೆ ಬೀಳುವುದೇ ಕಷ್ಟ. ಮಗು ‘ಅಂಗಡಿ ಹೋಗು’ ಎಂದರೆ ಅದನ್ನು ವ್ಯಾಕರಣ ತಿಳಿಯದ ದೋಷವೆಂದು ಶಿಕ್ಷಕರು ಕೆಂಪು ಗೆರೆ ಹಾಕುವ ಮೊದಲು, ಆ ‘ಗೆ’ ಅದಕ್ಕೆ ಎಂದಾದರೂ ಕೇಳಿಸಿದೆಯೇ ಎಂದು ಯೋಚಿಸಬೇಕು.

ಅಕ್ಷರಗಳು ಸರಿಯಿದ್ದರೂ ಧ್ವನಿ ಬೇರೆಯಾಗಿ ಕೇಳುತ್ತದಲ್ಲ, ಏಕೆ?

ಧ್ವನಿಯ ಸ್ಥಾಯಿ, ಏರಿಳಿತ, ಉಸಿರು ಮತ್ತು ಅನುರಣನ ಈ ನಾಲ್ಕೂ ಕಿವಿಯ ಹತೋಟಿಯಲ್ಲಿಯೇ ಇರುವುದರಿಂದ. ಕೆಲವರ ಸ್ಥಾಯಿ ವಯಸ್ಸಿಗೂ ಲಿಂಗಕ್ಕೂ ಹೊಂದದಷ್ಟು ಮೇಲಿರುತ್ತದೆ. ಕೆಲವರಲ್ಲಿ ನಡುವೆ ತಟ್ಟನೆ ಮುರಿದು ಬೇರೆ ಸ್ಥಾಯಿಗೆ ಹಾರುತ್ತದೆ. ‘ಬಂದೆಯಾ?’ ಎಂಬ ಪ್ರಶ್ನೆಯೂ ‘ಬಂದೆ’ ಎಂಬ ಉತ್ತರವೂ ಒಂದೇ ಸಮತಟ್ಟಾದ ಸ್ವರದಲ್ಲಿ ಬರಬಹುದು. ಉಸಿರನ್ನು ಒಂದು ವಾಕ್ಯಕ್ಕೆ ಹಂಚಿಕೊಳ್ಳುವ ಲೆಕ್ಕ ಸಿಗದೆ ಎರಡೆರಡು ಪದಗಳಿಗೊಮ್ಮೆ ನಿಲ್ಲುವುದೂ ಉಂಟು.

ಮೂಗಿನ ದನಿಯ ಕಥೆ ಸ್ವಲ್ಪ ಬೇರೆ. ಬಾಯಿಯ ಹಿಂಬದಿಯಲ್ಲಿರುವ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಿದರೆ ‘ಬ’, ಇಳಿದು ತೆರೆದರೆ ‘ಮ’. ಈ ಚಲನೆ ಕಣ್ಣಿಗೆ ಕಾಣುವುದಿಲ್ಲ, ಮಾಡುವವರಿಗೂ ಅದರ ಸ್ಪರ್ಶದ ಅರಿವು ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಕಲಿಸುವ ಗುರು ಕಿವಿಯೊಂದೇ. ಆದ್ದರಿಂದ ಕಿವುಡರ ಮಾತಿನಲ್ಲಿ ಮೂಗಿನ ದನಿ ಹೆಚ್ಚಾಗಿ ಸೇರಿಕೊಳ್ಳುತ್ತದೆ, ಕೆಲವರಲ್ಲಿ ಬೇಕಾದಲ್ಲಿ ಬರುವುದೇ ಇಲ್ಲ. ಮಗು ‘ಆ’ ಎನ್ನುತ್ತಿರುವಾಗ ಮೂಗಿನ ಕೆಳಗೆ ಒಂದು ಚಿಕ್ಕ ಕನ್ನಡಿ ಹಿಡಿದು ನೋಡಿ; ಕನ್ನಡಿ ಮಂಜಾದರೆ ಗಾಳಿ ಮೂಗಿನಿಂದ ಸೋರುತ್ತಿದೆ ಎಂದರ್ಥ. ಚಿಕಿತ್ಸಕರು ಇದೇ ಕನ್ನಡಿಯನ್ನು ಮಗುವಿಗೆ ತೋರಿಸಿ ಕಲಿಸುತ್ತಾರೆ, ಏಕೆಂದರೆ ಕೇಳಿಸದ ಸಂಗತಿ ಅಲ್ಲಿ ಕಣ್ಣಿಗೆ ಕಾಣುತ್ತದೆ.

ನಮ್ಮ ದೊಡ್ಡಪ್ಪನಿಗೆ ಐವತ್ತು ದಾಟಿದ ಮೇಲೆ ಕಿವಿ ಪೂರ್ತಿ ಹೋಯಿತು. ಅವರ ಮಾತು ಸ್ಪಷ್ಟವಾಗಿಯೇ ಇದೆಯಲ್ಲ?

ಮಾತು ಕಲಿತ ಬಳಿಕ ಕಿವಿ ಹೋದವರ ಸ್ಥಿತಿ ಬೇರೆ. ಯಾವ ಅಕ್ಷರಕ್ಕೆ ನಾಲಿಗೆ ಎಲ್ಲಿಗೆ ಹೋಗಬೇಕು ಎಂಬ ನಕ್ಷೆ ಮಿದುಳಿನಲ್ಲಿ ಗಟ್ಟಿಯಾಗಿ ನೆಲೆಗೊಂಡಿರುತ್ತದೆ, ಅದು ಎಷ್ಟೋ ವರ್ಷ ಉಳಿಯುತ್ತದೆ. ಕಣ್ಣು ಮುಚ್ಚಿಕೊಂಡು ಬರೆದರೆ ಅಕ್ಷರಗಳು ಸರಿಯಾಗಿಯೇ ಮೂಡಿ ಸಾಲು ಮಾತ್ರ ಓರೆಯಾಗುವಂತೆ, ಇವರಲ್ಲಿ ಮೊದಲು ತಪ್ಪುವುದು ದನಿಯ ಗಾತ್ರ ಮತ್ತು ಸ್ಥಾಯಿ. ಬಹಳ ಕಾಲದ ನಂತರ ‘ಸ’ ಮತ್ತು ‘ಶ’ಗಳ ಅಂತರ ಮಸುಕಾಗಬಹುದು. ಮಾತು ಕಲಿಯುವ ವಯಸ್ಸಿನಲ್ಲಿ ಅಥವಾ ಅದಕ್ಕೂ ಮೊದಲು ಕಿವಿ ಹೋದ ಮಕ್ಕಳಿಗೆ ಈ ನಕ್ಷೆಯ ಆಸರೆ ಇರುವುದಿಲ್ಲ. ಹೆಲೆನ್ ಕೆಲ್ಲರ್ 19 ತಿಂಗಳ ಮಗುವಾಗಿದ್ದಾಗ ಕಿವಿ, ಕಣ್ಣು ಎರಡನ್ನೂ ಕಳೆದುಕೊಂಡರು. 1890ರಿಂದ ಮಾತನಾಡಲು ಕಲಿತು ಜೀವನವಿಡೀ ಅಭ್ಯಾಸ ಮಾಡಿದರೂ ಅವರ ಮಾತು ಅಪರಿಚಿತರಿಗೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಸಭೆಗಳಲ್ಲಿ ಜೊತೆಗಿದ್ದವರು ಅದನ್ನು ಮತ್ತೊಮ್ಮೆ ಹೇಳಬೇಕಾಗುತ್ತಿತ್ತು. ಪರಿಶ್ರಮದ ಕೊರತೆಯಿಂದ ಹೀಗಾಯಿತೆಂದು ಅವರ ವಿಷಯದಲ್ಲಿ ಯಾರೂ ಹೇಳಲಾರರು.

ಕಿವಿ ಮಂದವಿರುವ ಕೆಲವರು ಬೊಬ್ಬೆ ಹೊಡೆದಂತೆ, ಇನ್ನು ಕೆಲವರು ಪಿಸುಗುಟ್ಟಿದಂತೆ ಮಾತನಾಡುವುದೇಕೆ?

ಕಿವುಡುತನದ ಬಗೆ ಬೇರೆಯಾಗಿರುವುದರಿಂದ. ನಿಮ್ಮ ಎರಡೂ ಕಿವಿಗಳನ್ನು ಬೆರಳಿನಿಂದ ಮುಚ್ಚಿಕೊಂಡು ನಾಲ್ಕು ಮಾತನಾಡಿ ನೋಡಿ: ಸ್ವಂತ ದನಿ ತಲೆಯೊಳಗೆ ಗುಂಯ್ಗುಡುತ್ತದೆ, ತಾನಾಗಿಯೇ ಮೆಲ್ಲಗೆ ಮಾತನಾಡುತ್ತೀರಿ. ಕಿವಿಯ ತಮಟೆ ತೂತಾಗಿರುವವರು, ನಡುಗಿವಿಯ ಮೂಳೆಗಳು ಬಿಗಿದುಕೊಂಡವರು ಇದೇ ಸ್ಥಿತಿಯಲ್ಲಿರುತ್ತಾರೆ. ಹೊರಗಿನ ಸದ್ದು ಕಡಿಮೆ, ಮೂಳೆಯ ಮೂಲಕ ಬರುವ ತಮ್ಮ ದನಿ ಜಾಸ್ತಿ. ಒಳಗಿವಿಯ ನರಕೋಶಗಳೇ ಹಾಳಾದವರಿಗೆ ತಮ್ಮ ದನಿಯೂ ಕೇಳುವುದಿಲ್ಲ, ಆದುದರಿಂದ ಜೋರಾಗುತ್ತಾರೆ. ತಮಟೆ, ನಡುಗಿವಿಗಳ ದೋಷಕ್ಕೆ ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಪರಿಹಾರ ಸಿಗುವ ಸಾಧ್ಯತೆ ಹೆಚ್ಚು.

ಒಂದೇ ಕಿವಿ ಕೇಳದಿದ್ದರೆ?

ಮಾತಿನ ಸ್ಪಷ್ಟತೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗದ್ದಲದಲ್ಲಿ ಕೇಳುವುದು, ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯುವುದು ಕಷ್ಟವಾಗುತ್ತದೆ. ಶಾಲೆಯಲ್ಲಿ ಒಳ್ಳೆಯ ಕಿವಿ ಶಿಕ್ಷಕರ ಕಡೆಗಿರುವಂತೆ ಮಗುವನ್ನು ಕೂರಿಸಿ.

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರೆ ಮಾತು ಎಲ್ಲರಂತೆ ಆಗುತ್ತದೆಯೇ?

ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ಈ ಸಲಕರಣೆ ಕೇಳಿಸುತ್ತದೆ, ಮಾತನ್ನು ಕಲಿಸುವುದಿಲ್ಲ. ಇಂಪ್ಲಾಂಟ್ ಬರುವ ಮೊದಲಿನ ಕಾಲದ ಅಧ್ಯಯನಗಳಲ್ಲಿ, ಅತಿ ತೀವ್ರ ಕಿವುಡುತನವಿದ್ದ ಮಕ್ಕಳು ಆಡಿದ ಪದಗಳಲ್ಲಿ ಅಪರಿಚಿತರಿಗೆ ಅರ್ಥವಾಗುತ್ತಿದ್ದುದು ಐದರಲ್ಲಿ ಒಂದರಷ್ಟು ಮಾತ್ರ. ಇಂದು ಎಳೆಯ ವಯಸ್ಸಿನಲ್ಲಿಯೇ ಇಂಪ್ಲಾಂಟ್ ಪಡೆದು ಒಳ್ಳೆಯ ತರಬೇತಿಯೂ ಸಿಕ್ಕಿದ ಎಷ್ಟೋ ಮಕ್ಕಳ ಮಾತು ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೂ ತಿಳಿಯುವಷ್ಟು ಸ್ಪಷ್ಟವಿರುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ಮರುದಿನವೇ ಮಗು ‘ಅಮ್ಮ’ ಎನ್ನುತ್ತದೆ ಎಂದು ಕಾಯಬಾರದು. ಗಾಯ ಮಾಗಿದ ಮೇಲೆ ಯಂತ್ರವನ್ನು ಚಾಲನೆ ಮಾಡಿದ ದಿನವೇ ಮಗುವಿನ ‘ಕೇಳುವ ವಯಸ್ಸಿ’ನ ಮೊದಲ ದಿನ, ಮೂರು ವರ್ಷದ ಮಗುವಾದರೂ ಅಂದಿಗೆ ಅದರ ಕಿವಿ ನವಜಾತ ಶಿಶುವಿನದು. ವಯಸ್ಸು ಹೆಚ್ಚಾದಷ್ಟೂ ಫಲ ಕಡಿಮೆಯಾಗುವುದರಿಂದಲೇ, ಇಂಪ್ಲಾಂಟಿಗೆ ನೆರವು ನೀಡುವ ಕೇರಳ ಸರಕಾರದ ಶ್ರುತಿತರಂಗಂ ಯೋಜನೆಯೂ ಕೇಂದ್ರದ ಎಡಿಪ್ ಯೋಜನೆಯೂ ಹುಟ್ಟಿನಿಂದ ಕಿವುಡರಾದ ಮಕ್ಕಳಿಗೆ ಐದು ವರ್ಷದ ಮಿತಿ ಇಟ್ಟಿವೆ. ಇಂಪ್ಲಾಂಟ್ ಸ್ಥಾಯಿಯ ಸೂಕ್ಷ್ಮ ಭೇದಗಳನ್ನು ಒರಟಾಗಿಯೇ ತಲುಪಿಸುವುದರಿಂದ ಭಜನೆಯ ರಾಗ ತಪ್ಪಬಹುದು. ಮಾತು ಚೆನ್ನಾಗಿರುವ ಮಗು ಹಾಡು ಹೇಳಲಾರದು ಎಂಬ ಕಾರಣಕ್ಕೆ ಬೇಸರಿಸಬೇಡಿ.

ಸಾಮಾನ್ಯ ಶ್ರವಣಸಾಧನಕ್ಕೂ ಈ ಮಾತು ಅನ್ವಯಿಸುತ್ತದೆ. ಮೊದಲ ವಾರಗಳಲ್ಲಿ ಹಿರಿಯರು ‘ನನ್ನದೇ ದನಿ ಬಾವಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ’ ಎಂದು ಅದನ್ನು ತೆಗೆದು ಕಪಾಟಿನಲ್ಲಿಡುತ್ತಾರೆ. ಕಿವಿಯ ದ್ವಾರ ಮುಚ್ಚಿಹೋಗುವುದರಿಂದ ಹಾಗಾಗುತ್ತದೆ. ಸಾಧನದ ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಗಾಳಿಯಾಡಲು ರಂಧ್ರ ಮಾಡಿಸುವುದರಿಂದ ಅದು ಬಹಳಮಟ್ಟಿಗೆ ಸರಿಹೋಗುತ್ತದೆ, ತಂತ್ರಜ್ಞರಿಗೆ ಹೇಳಬೇಕಷ್ಟೆ.

ಮನೆಯಲ್ಲಿ ಹವ್ಯಕ ಕನ್ನಡ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಚಿಕಿತ್ಸಕರು ಮಾತನಾಡುವುದು ಮಲಯಾಳ. ಮಗುವಿಗೆ ಯಾವ ಭಾಷೆಯನ್ನು ಕಲಿಸಬೇಕು?

ಗಡಿನಾಡಿನ ಮನೆಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲೋ ತಿರುವನಂತಪುರದಲ್ಲೋ ಸಿದ್ಧವಾದ ಕೈಪಿಡಿಗಳಿಂದ ಇದಕ್ಕೆ ಪೂರ್ತಿ ಉತ್ತರ ಸಿಗುವುದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ತಾಯಿ, ಅಜ್ಜಿ, ಮನೆಯಲ್ಲಿ ಹೆಚ್ಚು ಹೊತ್ತು ಮಗುವಿನ ಜೊತೆಗಿರುವವರು ಯಾವ ಭಾಷೆಯನ್ನು ಯೋಚಿಸದೆ, ತಡವರಿಸದೆ ಆಡುತ್ತಾರೋ ಅದೇ ಮೊದಲ ಭಾಷೆಯಾಗಬೇಕು. ಚಿಕಿತ್ಸಾ ಕೊಠಡಿಯಲ್ಲಿ ವಾರಕ್ಕೆ ಸಿಗುವುದು ಒಂದೆರಡು ಗಂಟೆ; ಉಳಿದ ಎಚ್ಚರದ ಹೊತ್ತೆಲ್ಲ ಅಡುಗೆಮನೆ, ಜಗಲಿ, ಬಚ್ಚಲುಕೊಟ್ಟಿಗೆಗಳಲ್ಲಿ ಕಳೆಯುತ್ತದೆ. ತಾಯಿ ತನಗೆ ಸರಿಯಾಗಿ ಬಾರದ ಮಲಯಾಳದಲ್ಲಿ ನಾಲ್ಕು ಪದ ಹೇಳಿಕೊಟ್ಟು ಸುಮ್ಮನಾದರೆ ಮಗುವಿಗೆ ದಿನದ ಬಹುಭಾಗ ಮಾತೇ ಇಲ್ಲದಂತಾಗುತ್ತದೆ.

ಭಾಷೆಗಳ ಧ್ವನಿವ್ಯವಸ್ಥೆಯೂ ಒಂದೇ ಅಲ್ಲ. ‘ಮೞ’, ‘ಪೞಂ’ ಎಂಬ ಮಲಯಾಳ ಪದಗಳಲ್ಲಿರುವ ೞಕಾರ ನಮ್ಮ ಇಂದಿನ ಕನ್ನಡದಲ್ಲಿಲ್ಲ. ತುಳುವಿನಲ್ಲಿ ‘ಬತ್ತೆ’ ಎಂಬುದರ ಕೊನೆಯ ಸ್ವರವನ್ನು ಬಾಯಿ ತುಸು ಅಗಲಿಸಿ ಹೇಳಿದರೆ ‘ನಾನು ಬಂದೆ’ ಎಂದೂ, ಅಗಲಿಸದೆ ಹೇಳಿದರೆ ‘ಅವನು ಬಂದ’ ಎಂದೂ ಅರ್ಥ. ಕನ್ನಡದ ಲಿಪಿಯಲ್ಲಿ ಅದನ್ನು ಬೇರೆ ಬೇರೆಯಾಗಿ ಬರೆಯುವುದಕ್ಕೂ ಬರುವುದಿಲ್ಲ. ಆದುದರಿಂದ ಮಗುವಿನ ಉಚ್ಚಾರ ತಪ್ಪೇ ಸರಿಯೇ ಎಂದು ನಿರ್ಣಯಿಸುವವರಿಗೆ ಆ ಮನೆಯ ಭಾಷೆಯ ಪರಿಚಯ ಬೇಕು. ಮನೆಯಲ್ಲಿ ಆಡುವ ಐವತ್ತು–ನೂರು ಪದಗಳನ್ನು ಪಟ್ಟಿ ಮಾಡಿಕೊಂಡು ಹೋಗಿ, ‘ಇವುಗಳಿಂದಲೇ ಅಭ್ಯಾಸ ಕೊಡಿ’ ಎಂದು ಕೇಳಿ. ಹೆಚ್ಚಿನ ಚಿಕಿತ್ಸಕರು ಸಂತೋಷದಿಂದ ಒಪ್ಪುತ್ತಾರೆ. ಕನ್ನಡದಲ್ಲಿಯೇ ತರಬೇತಿ ಬೇಕೆನ್ನುವವರಿಗೆ ಮಂಗಳೂರಿನ ವೈದ್ಯಕೀಯ ಕಾಲೇಜುಗಳ ಶ್ರವಣ ಮತ್ತು ವಾಕ್ ವಿಭಾಗಗಳು ಹತ್ತಿರ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪೂರ್ವ ಶಾಲೆಯಲ್ಲಿ ತಾಯಂದಿರೂ ಮಕ್ಕಳೊಂದಿಗೆ ಕುಳಿತು ಕಲಿಯುತ್ತಾರೆ.

ಕೇಳುವಿಕೆ ಚೆನ್ನಾಗಿ ಒದಗಿದ ಮಕ್ಕಳು ಎರಡನೆಯ ಭಾಷೆಯನ್ನೂ ಕಲಿಯುತ್ತಾರೆ. ಕಾಸರಗೋಡಿನಲ್ಲಿ ಬದುಕುವವರಿಗೆ ಮಲಯಾಳ ಬೇಡವೆಂದು ಯಾರೂ ಹೇಳಲಾರರು. ಮೊದಲ ಭಾಷೆ ನೆಲೆಯೂರಲಿ ಎಂಬುದಷ್ಟೇ ಇಲ್ಲಿನ ಮಾತು.

ಸಂಜ್ಞಾಭಾಷೆ ಕಲಿಸಿದರೆ ಮಗು ಮಾತನಾಡುವುದನ್ನೇ ಬಿಟ್ಟುಬಿಡುತ್ತದೆಯೇ?

ಸಂಜ್ಞೆಯಿಂದ ಮಾತು ನಿಂತುಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಯಾವ ಭಾಷೆಯೂ ಇಲ್ಲದೆ ನಾಲ್ಕೈದು ವರ್ಷ ಕಳೆಯುವುದೇ ನಿಜವಾದ ಅಪಾಯ. ಭಾರತೀಯ ಸಂಜ್ಞಾಭಾಷೆ ವ್ಯಾಕರಣವುಳ್ಳ ಪೂರ್ಣ ಭಾಷೆ. ಕೇವಲ ಮಾತಿಗೆ ಒತ್ತು ಕೊಡುವ ತರಬೇತಿಯನ್ನು ಆರಿಸಿಕೊಂಡ ಕುಟುಂಬಗಳ ನಿರ್ಧಾರವನ್ನು ಗೌರವಿಸಬೇಕು. ಆದರೆ ಮಗು ಕೈಯೆತ್ತಿ ಏನನ್ನೋ ತೋರಿಸಿದಾಗ ‘ಬಾಯಲ್ಲಿ ಹೇಳು’ ಎಂದು ಕೈ ಹಿಡಿದಿಡುವುದು ನನಗೆ ಒಪ್ಪಿಗೆಯಿಲ್ಲ.

ತುಟಿಯ ಚಲನೆ ನೋಡಿ ಎಲ್ಲವನ್ನೂ ತಿಳಿದುಕೊಳ್ಳಬಹುದಲ್ಲವೇ?

‘ಮಾವ ಬಂದರು’, ‘ಬಾವ ಬಂದರು’ ಎಂದು ದನಿಯಿಲ್ಲದೆ ಕನ್ನಡಿಯ ಮುಂದೆ ಹೇಳಿ ನೋಡಿ. ಎರಡೂ ಒಂದೇ. ‘ಕ’, ‘ಗ’, ‘ಹ’ಗಳಂತೂ ತುಟಿಯ ಮೇಲೆ ಕಾಣುವುದೇ ಇಲ್ಲ. ತುಟಿಯೋದು ಸಹಾಯಕ, ಅದೊಂದೇ ಸಾಲದು.

ಮನೆಯಲ್ಲಿ ಪ್ರತಿದಿನ ಏನು ಮಾಡಬಹುದು?

ಬೆಳಗ್ಗೆ ಸಾಧನವನ್ನು ಹಾಕಿದ ಕೂಡಲೇ ಬಾಯಿಯನ್ನು ಮರೆಮಾಡಿ, ಉಸಿರು ಮಗುವಿಗೆ ತಾಗದಂತೆ ಪಕ್ಕದಲ್ಲಿ ಅಥವಾ ಹಿಂದೆ ನಿಂತು, ‘ಮ್’, ‘ಊ’, ‘ಆ’, ‘ಈ’, ‘ಶ್’, ‘ಸ್’ ಎಂಬ ಆರು ದನಿಗಳನ್ನು ಒಂದೊಂದಾಗಿ, ಪ್ರತಿದಿನ ಕ್ರಮ ಬದಲಾಯಿಸಿ ಹೇಳಿ. ಕೇಳಿಸಿದಾಗ ಮಗು ಒಂದು ಹುಣಸೆಬೀಜವನ್ನು ಬಟ್ಟಲಿಗೆ ಹಾಕಲಿ. ದೊಡ್ಡದಾದ ಮೇಲೆ ದನಿಯನ್ನು ತಿರುಗಿ ಹೇಳಲಿ. ಡೇನಿಯಲ್ ಲಿಂಗ್ ಎಂಬ ಶಿಕ್ಷಣತಜ್ಞರು ರೂಪಿಸಿದ ಈ ಪರೀಕ್ಷೆಯ ಆರು ದನಿಗಳು ಮಾತಿನ ಕೆಳಗಿನ ಕಂಪನಾಂಕಗಳಿಂದ ಮೇಲಿನವುಗಳವರೆಗೆ ವ್ಯಾಪಿಸುತ್ತವೆ. ನಿನ್ನೆಯವರೆಗೆ ‘ಸ್’ ಕೇಳುತ್ತಿದ್ದ ಮಗುವಿಗೆ ಇಂದು ಕೇಳದಿದ್ದರೆ ಬ್ಯಾಟರಿ ಮುಗಿದಿರಬಹುದು, ಅಚ್ಚಿನಲ್ಲಿ ಗುಗ್ಗೆ ಕಟ್ಟಿರಬಹುದು ಅಥವಾ ಸಾಧನ ಕೆಟ್ಟಿರಬಹುದು. ಎರಡು ನಿಮಿಷದಲ್ಲಿ ತಿಳಿದುಬಿಡುತ್ತದೆ.

ತಪ್ಪಾಗಿ ಹೇಳಿದ ಪದವನ್ನು ಹತ್ತು ಸಲ ಹೇಳಿಸಬೇಡಿ. ಮಗು ‘ತೂಜಿ’ ಎಂದರೆ ‘ಹೌದು, ಸೂಜಿ, ಚೂಪು ಸೂಜಿ’ ಎಂದು ನೀವೇ ಸರಿಯಾದ ರೂಪವನ್ನು ವಾಕ್ಯದಲ್ಲಿಟ್ಟು ಮರಳಿಸಿ. ಮಿಕ್ಸಿ, ಟಿ.ವಿ. ಬಂದ್ ಮಾಡಿ ಹತ್ತಿರ ಕುಳಿತು ಮಾತನಾಡಿ.

ಮಳೆಗಾಲದಲ್ಲಿ ಸಾಧನ ಆಗಾಗ ಕೆಡುತ್ತದೆ, ಮಗುವಿನ ಮಾತೂ ಹಿಂದೆ ಬೀಳುತ್ತದೆ. ಏನು ಮಾಡುವುದು?

ನಮ್ಮ ಆಟಿಯ ತೇವದಲ್ಲಿ ಬಟ್ಟೆಯೇ ಒಣಗದಿರುವಾಗ ಸಾಧನದ ಕೊಳವೆಯಲ್ಲಿ ನೀರಿನ ಹನಿ ಕಟ್ಟುವುದು ಆಶ್ಚರ್ಯವಲ್ಲ. ರಾತ್ರಿ ಬ್ಯಾಟರಿಯ ಬಾಗಿಲು ತೆರೆದು, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಬಿಸಿಗೆ ಹಾಳಾಗುತ್ತದೆ. ಬೆಳೆಯುವ ಮಗುವಿನ ಕಿವಿ ದೊಡ್ಡದಾಗುವುದರಿಂದ ಅಚ್ಚು ಸಡಿಲವಾಗಿ ಕೀರಲು ಸದ್ದು ಬರತೊಡಗಿದರೆ ಹೊಸ ಅಚ್ಚು ಮಾಡಿಸಬೇಕು.

ಕಿವುಡರ ಮಾತು ಅರ್ಥವಾಗದಿದ್ದಾಗ ಕೇಳುವವರು ಹೇಗೆ ನಡೆದುಕೊಳ್ಳಬೇಕು?

ಅರ್ಥವಾದಂತೆ ತಲೆಯಾಡಿಸಬೇಡಿ. ಆಡಿದವರಿಗೆ ಅದು ತಿಳಿಯುತ್ತದೆ, ಅದರಷ್ಟು ನೋವು ‘ಇನ್ನೊಮ್ಮೆ ಹೇಳಿ’ ಎಂಬುದರಿಂದ ಆಗುವುದಿಲ್ಲ. ಅರ್ಥವಾದಷ್ಟನ್ನು ನೀವೇ ಹೇಳಿ, ಉಳಿದುದನ್ನು ಕೇಳಿ: ‘ಬದಿಯಡ್ಕಕ್ಕೆ ಟಿಕೆಟ್ ಎಂದು ತಿಳಿಯಿತು, ಎಷ್ಟು ಮಂದಿ?’ ಆಗಲೂ ತಿಳಿಯದಿದ್ದರೆ ಬರೆದು ತೋರಿಸಲು ಹೇಳುವುದರಲ್ಲಿ ಅವಮಾನವಿಲ್ಲ. ಜೊತೆಯಲ್ಲಿ ಬಂದ ತಾಯಿಯನ್ನೋ ತಂಗಿಯನ್ನೋ ನೋಡಿ ‘ಇವರಿಗೆ ಏನು ಬೇಕಂತೆ?’ ಎಂದು ಕೇಳುವುದು ಮಾತ್ರ ಅಸಭ್ಯ.

ಸ್ಪಷ್ಟತೆ ಎಂಬುದು ಆಡುವವರೊಬ್ಬರ ಗುಣವಲ್ಲ, ಕೇಳುವವರ ಅಭ್ಯಾಸವೂ ಅದರಲ್ಲಿ ಸೇರಿದೆ. ಮನೆಯವರಿಗೆ ಪೂರ್ತಿ ತಿಳಿಯುವ ಮಾತು ಹೊಸಬರಿಗೆ ಅರ್ಧವೂ ತಿಳಿಯುವುದಿಲ್ಲ. ಅದೇ ಹೊಸಬರು ಕೆಲವು ದಿನ ಒಡನಾಡಿದರೆ ಕಿವಿ ಒಗ್ಗಿಕೊಳ್ಳುತ್ತದೆ. ಮೊಬೈಲಿನಲ್ಲಿ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶಗಳು ಕಿವುಡರ ಉಚ್ಚಾರವನ್ನು ಗುರುತಿಸುವಲ್ಲಿ ಇನ್ನೂ ಹಿಂದಿವೆ. ಆದರೆ ಎದುರಿನವರು ಆಡಿದ್ದನ್ನು ಬರಹದಲ್ಲಿ ಓದಿಕೊಳ್ಳಲು ಕಿವುಡರಿಗೆ ಅವು ಉಪಯುಕ್ತ.

ಮಾತು ಸ್ಪಷ್ಟವಿಲ್ಲ ಎಂಬ ಕಾರಣಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಸಿಗುತ್ತದೆಯೇ?

ಕಿವುಡುತನದಿಂದಾದ ಅಸ್ಪಷ್ಟತೆಗೆ ಕೇಳುವಿಕೆಯ ಆಧಾರದಲ್ಲಿಯೇ ಅರ್ಜಿ ಹಾಕಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ, ಮಾತಿನ ಕಂಪನಾಂಕಗಳಲ್ಲಿ ಎರಡೂ ಕಿವಿಗಳಿಗೆ 70 ಡೆಸಿಬೆಲ್ ನಷ್ಟವಿರುವವರು ಕಿವುಡರು, 60ರಿಂದ 70 ಡೆಸಿಬೆಲ್ ನಷ್ಟವಿರುವವರು ಮಂದಶ್ರವಣದವರು. ಅದೇ ಕಾಯಿದೆಯಲ್ಲಿ ‘ವಾಕ್ ಮತ್ತು ಭಾಷಾ ಅಂಗವಿಕಲತೆ’ ಎಂಬುದು ಬೇರೆಯೇ ವರ್ಗ. ಧ್ವನಿಪೆಟ್ಟಿಗೆಯನ್ನು ತೆಗೆದವರು, ಪಾರ್ಶ್ವವಾಯುವಿನಿಂದ ಭಾಷೆ ಕಳೆದುಕೊಂಡವರು ಮುಂತಾದವರಿಗಾಗಿ ಅದಿದೆ. ಅರ್ಜಿಯನ್ನು ಅಂಗವಿಕಲರ ಗುರುತಿನ ಚೀಟಿಗಿರುವ ಯು.ಡಿ.ಐ.ಡಿ. ಜಾಲತಾಣದಲ್ಲಿ ಸಲ್ಲಿಸಿ, ಆಡಿಯೋಗ್ರಾಮಿನ (ಕೇಳುವಿಕೆಯ ಪರೀಕ್ಷೆಯ ನಕ್ಷೆಯ) ಮೂಲಪ್ರತಿಯೊಂದಿಗೆ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾಗಬೇಕು. ಆ ದಿನ ಮಗುವಿನ ಜೊತೆ ಮಲಯಾಳ ಬಲ್ಲ ಒಬ್ಬರು ಹೋದರೆ ಅನುಕೂಲ.